ಬೇಡವಾದ ಭಾಗ: ಧ್ವನಿಮುದ್ರಣ ಸಂಪಾದನೆಯ ಇತಿಹಾಸ ಮತ್ತು ಸಂಪಾದಕನ ಹೊಣೆ

1

ಓಲೆಗರಿಯ ಪ್ರತಿಗಳನ್ನು ಕೈಯಲ್ಲಿ ಹಿಡಿದು ಓದಿದವರಿಗೆ ಲಿಪಿಕಾರರು ತಪ್ಪು ತಿದ್ದುವ ಕ್ರಮ ಪರಿಚಿತವಾದುದು. ಬರೆಯುವಾಗ ಬಿಟ್ಟುಹೋದ ಅಕ್ಷರವನ್ನು ಲಿಪಿಕಾರನು ಸಾಲಿನ ಮೇಲೋ ಅಂಚಿನಲ್ಲೋ ಬರೆದು, ಅದು ಸೇರಬೇಕಾದ ಸ್ಥಳದಲ್ಲಿ ಹಂಸಪಾದವನ್ನು ಹಾಕುತ್ತಾನೆ. ಹೆಚ್ಚಾಗಿ ಬರೆದ ಅಕ್ಷರವನ್ನು ಕಂಠದ ಮೊನೆಯಿಂದ ಗೀಚಿ ಹೊಡೆದುಹಾಕುತ್ತಾನೆ. ಕಾಗದದ ಪ್ರತಿಗಳಲ್ಲಿ ತಪ್ಪಿದ ಅಕ್ಷರದ ಮೇಲೆ ಹರಿತಾಳವನ್ನು ಬಳಿಯುವುದೂ ಉಂಟು. ಈ ಮೂರು ಕ್ರಮಗಳಲ್ಲಿಯೂ ಒಂದು ಸಮಾನ ಅಂಶವಿದೆ. ತಿದ್ದಿದ ಗುರುತು ಉಳಿಯುತ್ತದೆ. ಗೀಚಿದ ಅಕ್ಷರವನ್ನು ಎಷ್ಟೋ ವೇಳೆ ಓದಬಹುದು. ಓದಲಾಗದಿದ್ದರೂ ಅಲ್ಲಿ ಏನೋ ಇತ್ತು, ಅದನ್ನು ಯಾರೋ ಬೇಡವೆಂದರು ಎಂಬಷ್ಟಾದರೂ ತಿಳಿಯುತ್ತದೆ. ಗ್ರಂಥಸಂಪಾದನಶಾಸ್ತ್ರದ ಬಹುಪಾಲು ನಿಂತಿರುವುದು ಇಂತಹ ಗುರುತುಗಳ ಮೇಲೆ.

ಈಚಿನ ವರ್ಷಗಳಲ್ಲಿ ನಮ್ಮ ಪೀಠದ ಕೆಲಸದಲ್ಲಿ ಹಸ್ತಪ್ರತಿಯ ಸ್ಥಾನವನ್ನು ಧ್ವನಿಮುದ್ರಣವು ಬಹುಮಟ್ಟಿಗೆ ಪಡೆದುಕೊಂಡಿದೆ. ಇದಕ್ಕೆ ಕಾರಣ ಸ್ಪಷ್ಟ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಿಗೆ ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ ಕನ್ನಡಿಗರಲ್ಲಿ ಬರೆದಿಟ್ಟವರು ಕೆಲವರು. ನೆನಪಿನಲ್ಲಿ ಇಟ್ಟುಕೊಂಡವರು ಬಹಳ ಮಂದಿ. ಸಂಘಗಳ ವಾರ್ಷಿಕ ವರದಿಗಳಲ್ಲಿ ಪದಾಧಿಕಾರಿಗಳ ಹೆಸರುಗಳಿವೆ; ಖಾನಾವಳಿಯಲ್ಲಿ ಅಡುಗೆ ಮಾಡಿದವರ, ರಾತ್ರಿ ಶಾಲೆಯ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತ ಅಕ್ಷರ ಕಲಿತವರ ಮಾತುಗಳಿಲ್ಲ. ಅವರನ್ನು ಕಂಡು, ಮಾತನಾಡಿಸಿ, ಆ ಮಾತನ್ನು ಧ್ವನಿಯಾಗಿ ಹಿಡಿದಿಡುವುದೊಂದೇ ಉಳಿದಿರುವ ದಾರಿ. ಹೀಗೆ ಹಿಡಿದಿಟ್ಟ ಧ್ವನಿಯನ್ನು ಗಣಕಯಂತ್ರದ ಮುಂದೆ ಕುಳಿತು ಕೇಳುವಾಗ, ಕೆಮ್ಮು, ತಡವರಿಕೆ, ಬೀದಿಯ ಗದ್ದಲ, ನಡುವೆ ಬಂದವರ ಮಾತು ಇವೆಲ್ಲ ಬೇಡವಾದ ಭಾಗಗಳೆನಿಸುತ್ತವೆ. ಆ ಭಾಗವನ್ನು ಗುರುತಿಸಿ ಒಂದು ಗುಂಡಿಯನ್ನು ಒತ್ತಿದರೆ ಅದು ಮಾಯವಾಗುತ್ತದೆ. ಗೀಚಿದ ಗುರುತಿಲ್ಲ, ಹರಿತಾಳದ ಹಳದಿಯಿಲ್ಲ.

ಧ್ವನಿಯನ್ನು ಕತ್ತರಿಸುವ ಈ ಕೆಲಸ ಎಲ್ಲಿಂದ ಬಂದಿತು, ಒಂದೊಂದು ಕಾಲದಲ್ಲಿ ಅದು ತನ್ನ ಹಿಂದೆ ಯಾವ ಗುರುತನ್ನು ಉಳಿಸಿತು, ಇಂದು ಆ ಗುರುತು ಏನಾಗಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮದೇ ಒಂದು ತಪ್ಪಿನಿಂದ ಈ ವಿಚಾರ ಹುಟ್ಟಿತೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಆ ಸಂಗತಿಯನ್ನು ಕೊನೆಯಲ್ಲಿ ನಿವೇದಿಸುತ್ತೇವೆ.

2

ಎಡಿಸನ್ ಫೋನೋಗ್ರಾಫನ್ನು ನಿರ್ಮಿಸಿದ್ದು 1877ರಲ್ಲಿ. ಬರ್ಲಿನರ್ ತನ್ನ ಗ್ರಾಮಫೋನನ್ನು ರೂಪಿಸಿದ್ದು 1887ರಲ್ಲಿ. ಇವೆರಡರಲ್ಲಿಯೂ ಧ್ವನಿಯು ಒಂದು ಗೆರೆಯಾಗಿ ಕೊರೆಯಲ್ಪಡುತ್ತಿತ್ತು. ಮೇಣದ ಉರುಳೆಯ ಮೇಲ್ಮೈಯನ್ನು ಪೂರ್ತಿ ಹೆರೆದು ಮತ್ತೊಮ್ಮೆ ಬಳಸಬಹುದಾಗಿತ್ತು. ಆದರೆ ನಡುವಿನ ಒಂದು ಮಾತನ್ನು ತೆಗೆದು ಹಿಂದುಮುಂದುಗಳನ್ನು ಕೂಡಿಸುವುದು ಸಾಧ್ಯವಿರಲಿಲ್ಲ. ಹಾಡುವವರು ತಪ್ಪಿದರೆ ಹೊಸ ಮೇಣದ ಮೇಲೆ ಮೊದಲಿನಿಂದ ಹಾಡಬೇಕು. ಇಲ್ಲವೇ ತಪ್ಪು ತಪ್ಪಾಗಿಯೇ ಉಳಿಯಬೇಕು.

ಹಾಗೆಂದು ಆ ಕಾಲದಲ್ಲಿ ಕತ್ತರಿಯೇ ಇರಲಿಲ್ಲವೆಂದು ಭಾವಿಸಬಾರದು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಮೂರು, ಮೂರೂವರೆ ನಿಮಿಷಗಳ ಧ್ವನಿ. ಗಂಟೆಗಟ್ಟಲೆ ಬೆಳೆಯಬಲ್ಲ ರಾಗವನ್ನು ಕಲಾವಿದರು ಆ ಅಳತೆಗೆ ತಾವೇ ಇಳಿಸಿಕೊಂಡರು. ಬೇಡವಾದುದನ್ನು ಬಿಡುವ ಕೆಲಸ ಧ್ವನಿ ಮುದ್ರಿತವಾಗುವುದಕ್ಕೆ ಮೊದಲೇ ನಡೆದುಹೋಗುತ್ತಿತ್ತು. ಅದನ್ನು ಮಾಡುತ್ತಿದ್ದವರು ಬಹುಮಟ್ಟಿಗೆ ಹಾಡುವವರೇ ಆಗಿದ್ದರು. ಒಮ್ಮೆ ತಟ್ಟೆಗೆ ಸೇರಿದುದು ಮಾತ್ರ ಹಾಗೆಯೇ ಉಳಿಯುತ್ತಿತ್ತು.

ಹೀಗೆ ಉಳಿದ ಒಂದು ಚೂರಿನ ಕಥೆ ಇಲ್ಲಿ ಪ್ರಸ್ತುತವಾಗಿದೆ. 1902ರ ನವೆಂಬರಿನಲ್ಲಿ ಗ್ರಾಮಫೋನು ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿದರು. ಹಾಡಿನ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಸಾರಿ ಹೇಳುತ್ತಿದ್ದರು. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ಗೊತ್ತಾಗಬೇಕೆಂಬುದೇ ಈ ಘೋಷಣೆಯ ಉದ್ದೇಶವೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಸಂಗೀತದ ದೃಷ್ಟಿಯಿಂದ ಅದು ಹಾಡಿನ ಭಾಗವಲ್ಲ. ಕಾರ್ಖಾನೆಯ ಅನುಕೂಲಕ್ಕೆ ಸೇರಿಸಿದ ಗುರುತುಚೀಟಿ. ಇಂದಿನ ಸಂಪಾದಕನೊಬ್ಬನು ಮರುಮುದ್ರಣದಲ್ಲಿ ಅದನ್ನು ಬೇಡವೆಂದು ಕತ್ತರಿಸಿದರೆ ಸಂಗೀತಕ್ಕೆ ನಷ್ಟವಾಯಿತೆಂದು ಯಾರೂ ಹೇಳಲಾರರು. ಆದರೆ ಇಂದು ಆ ತಟ್ಟೆಗಳನ್ನು ಕೇಳುವ ಚರಿತ್ರಕಾರನ ಕಿವಿ ನಿಲ್ಲುವುದು ಅಲ್ಲಿಯೇ. ಹಾಡದೆ, ಬರಿಯ ಮಾತಿನಲ್ಲಿ, ಆತ್ಮವಿಶ್ವಾಸದಿಂದ ತನ್ನ ಹೆಸರನ್ನು ಜಗತ್ತಿಗೆ ತಿಳಿಸುವ ಒಬ್ಬ ಕಲಾವಿದೆಯ ದನಿ ನಮಗೆ ದೊರೆಯುವುದು ಆ ಕೆಲವು ಸೆಕೆಂಡುಗಳಲ್ಲಿ. ಗೌಹರ್ ಜಾನ್ 1928ರಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಕತ್ತರಿಸಲು ಬಾರದ ಮಾಧ್ಯಮದಲ್ಲಿ ಮುದ್ರಿತವಾದ ಕಾರಣದಿಂದಲೇ ಆ ಘೋಷಣೆ ನಮ್ಮವರೆಗೆ ಬಂದಿದೆ.

ಬೇಡವಾದುದು ಯಾವುದು ಎಂಬ ನಿರ್ಣಯ ಕಾಲದಿಂದ ಕಾಲಕ್ಕೆ ಬದಲಾಗುತ್ತದೆ ಎಂಬುದಕ್ಕೆ ಅದೇ ಕಾಲದ ಗ್ರಂಥಲೋಕದಿಂದಲೂ ಒಂದು ನಿದರ್ಶನವನ್ನು ಕೊಡಬಹುದು. ಹದಿನೆಂಟನೆಯ ಶತಮಾನದ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ 1887ರಲ್ಲಿ ಅಚ್ಚಾದಾಗ ಅದರ ಕೆಲವು ಪದ್ಯಗಳನ್ನೂ, ಕವಯಿತ್ರಿಯು ತನ್ನ ವಂಶವನ್ನು ಹೇಳಿಕೊಂಡಿದ್ದ ಪೀಠಿಕೆಯನ್ನೂ ಕೈಬಿಡಲಾಗಿತ್ತು. ನಂಜನಗೂಡಿನಲ್ಲಿ ಹುಟ್ಟಿ, ಮದರಾಸಿನಲ್ಲಿ ಹೆಸರು ಮಾಡಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರು ಮೂಲ ಪ್ರತಿಯನ್ನು ಹುಡುಕಿ, ಬಿಟ್ಟ ಭಾಗಗಳನ್ನು ಸೇರಿಸಿ, 1910ರಲ್ಲಿ ಆ ಕಾವ್ಯವನ್ನು ಪ್ರಕಟಿಸಿದರು. ಸರಕಾರ ಅದನ್ನು ನಿಷೇಧಿಸಿತು. ನಿಷೇಧ ತೆರವಾದುದು ಸ್ವಾತಂತ್ರ್ಯ ಬಂದ ಕಾಲಕ್ಕೆ. ಇಲ್ಲಿ ಗಮನಿಸಬೇಕಾದುದು ಇಷ್ಟು. 1887ರ ಸಂಪಾದಕರು ಬಿಟ್ಟುದನ್ನು 1910ರಲ್ಲಿ ಸೇರಿಸುವುದು ಸಾಧ್ಯವಾದುದು ಓಲೆಯ ಪ್ರತಿ ಎಲ್ಲಿಯೋ ಉಳಿದಿದ್ದುದರಿಂದ. ಅಚ್ಚಿನವರು ಮೂಲವನ್ನು ಸುಟ್ಟಿರಲಿಲ್ಲ. ಮೂಲ ಉಳಿದಿರುವವರೆಗೆ ಸಂಪಾದಕನ ತಪ್ಪಿಗೆ ಪರಿಹಾರವಿದೆ.

3

ಧ್ವನಿಯನ್ನು ನಿಜವಾಗಿ ಕತ್ತರಿಸುವುದು ಸಾಧ್ಯವಾದುದು ಕಾಂತೀಯ ಪಟ್ಟಿ, ಎಂದರೆ ಟೇಪು, ಬಂದ ಮೇಲೆ. ಜರ್ಮನಿಯ ಫ್ರಿಟ್ಜ್ ಫ್ಲೂಮರ್ 1928ರಲ್ಲಿ ಕಾಗದದ ಪಟ್ಟಿಗೆ ಕಾಂತೀಯ ಪುಡಿಯನ್ನು ಅಂಟಿಸುವ ವಿಧಾನವನ್ನು ರೂಪಿಸಿದರು. ಎಇಜಿ ಸಂಸ್ಥೆಯ ಮ್ಯಾಗ್ನೆಟೋಫೋನ್ ಯಂತ್ರ 1935ರಲ್ಲಿ ಬರ್ಲಿನಿನ ರೇಡಿಯೊ ಪ್ರದರ್ಶನದಲ್ಲಿ ಜನರ ಮುಂದೆ ಬಂದಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಜಾಕ್ ಮಲ್ಲಿನ್ ಅಂತಹ ಎರಡು ಯಂತ್ರಗಳನ್ನು ಬಿಡಿಭಾಗಗಳಾಗಿ ತಾಯ್ನಾಡಿಗೆ ಕಳುಹಿಸಿಕೊಂಡು, ಜೋಡಿಸಿ, 1946ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ತಜ್ಞರಿಗೆ ಕೇಳಿಸಿದರು. ಮರುವರ್ಷ ಹೆಸರಾಂತ ಗಾಯಕ ಬಿಂಗ್ ಕ್ರಾಸ್ಬಿ ತಮ್ಮ ರೇಡಿಯೊ ಕಾರ್ಯಕ್ರಮವನ್ನು ಟೇಪಿನ ಮೇಲೆ ಮುದ್ರಿಸಿ, ಕತ್ತರಿಸಿ, ಜೋಡಿಸಿ ಪ್ರಸಾರ ಮಾಡತೊಡಗಿದರು.

ಕತ್ತರಿಸುವ ವಿಧಾನ ದರ್ಜಿಯ ಕೆಲಸದಂತೆ ನೇರವಾದುದು. ಸೆಕೆಂಡಿಗೆ 15 ಅಂಗುಲ ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಒಂದು ಮಾತು ಏಳೂವರೆ ಅಂಗುಲದಷ್ಟು, ಎಂದರೆ ಸುಮಾರು ಒಂದು ಗೇಣು ಉದ್ದವಿರುತ್ತದೆ. ಸುರುಳಿಗಳನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿ ಮಾತು ಆರಂಭವಾಗುವ ಬಿಂದುವನ್ನು ಕಿವಿಯಿಂದ ಕಂಡುಕೊಂಡು, ಟೇಪಿನ ಬೆನ್ನ ಮೇಲೆ ಬಣ್ಣದ ಸೀಸದಿಂದ ಗುರುತು ಮಾಡಿ, ಬ್ಲೇಡಿನಿಂದ ಓರೆಯಾಗಿ ಕೊಯ್ದು, ಎರಡು ತುದಿಗಳನ್ನು ಅಂಟುಪಟ್ಟಿಯಿಂದ ಕೂಡಿಸುತ್ತಿದ್ದರು. ನೇರವಾಗಿ ಕೊಯ್ದರೆ ಜೋಡಣೆಯ ಸ್ಥಳದಲ್ಲಿ ಟಕ್ಕೆಂಬ ಸದ್ದು ಬರುತ್ತದೆ. ಓರೆಯಾಗಿ ಕೊಯ್ದರೆ ಒಂದು ಧ್ವನಿ ಇಳಿಯುತ್ತಿರುವಾಗ ಇನ್ನೊಂದು ಏರುವುದರಿಂದ ಸಂದು ಕಿವಿಗೆ ಗೊತ್ತಾಗುವುದಿಲ್ಲ. ಆದರೆ ಕಣ್ಣಿಗೆ ಗೊತ್ತಾಗುತ್ತದೆ. ಟೇಪನ್ನು ಬೆರಳುಗಳ ನಡುವೆ ಹರಿಯಬಿಟ್ಟರೆ ಬೆರಳಿಗೂ ಗೊತ್ತಾಗುತ್ತದೆ. ಕೊಯ್ದ ತುಂಡು ಮೇಜಿನ ಮೇಲೆ ಬಿದ್ದಿರುತ್ತದೆ, ಬೇಕೆಂದರೆ ಎತ್ತಿಡಬಹುದು.

ಎತ್ತಿಟ್ಟ ತುಂಡುಗಳಿಂದ ಏನಾಗಬಹುದೆಂಬುದಕ್ಕೆ ಮಲ್ಲಿನ್ ಸ್ವತಃ ಹೇಳಿರುವ ಒಂದು ಪ್ರಸಂಗವಿದೆ. ಕ್ರಾಸ್ಬಿಯ ಕಾರ್ಯಕ್ರಮಕ್ಕೆ ಬಂದ ಬಾಬ್ ಬರ್ನ್ಸ್ ಎಂಬ ಹಾಸ್ಯಗಾರ ಪ್ರಸಾರಕ್ಕೆ ಸಲ್ಲದ ಕೆಲವು ಹಳ್ಳಿಗಾಡಿನ ಕಥೆಗಳನ್ನು ಹೇಳಿದ. ಸಭೆ ಹೊಟ್ಟೆ ಹಿಡಿದು ನಕ್ಕಿತು. ಕಥೆಗಳನ್ನು ಕತ್ತರಿಸಿದರು, ನಗೆಯನ್ನು ಎತ್ತಿಟ್ಟರು. ಕೆಲವು ವಾರಗಳ ಮೇಲೆ ಇನ್ನೊಂದು ಕಂತು ಸಪ್ಪೆಯಾಗಿದ್ದಾಗ ಆ ನಗೆಯನ್ನು ತಂದು ಅದಕ್ಕೆ ಅಂಟಿಸಿದರು. ಮುಂದೆ ದೂರದರ್ಶನದ ಹಾಸ್ಯ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾದ ಸಿದ್ಧನಗೆಯ ಮೂಲಗಳಲ್ಲಿ ಈ ಪ್ರಸಂಗವೂ ಒಂದೆಂದು ಎಣಿಸಲಾಗುತ್ತದೆ. ನಗೆ ನಿಜವಾದುದು, ನಕ್ಕ ಕಾರಣ ಬೇರೆ. ಹಸ್ತಪ್ರತಿಗಳ ಭಾಷೆಯಲ್ಲಿ ಹೇಳುವುದಾದರೆ ಒಂದು ಕಾವ್ಯದ ನಿಜವಾದ ಪದ್ಯವನ್ನು ಇನ್ನೊಂದು ಕಾವ್ಯಕ್ಕೆ ಪ್ರಕ್ಷೇಪ ಮಾಡಿದಂತೆ.

ಕತ್ತರಿಯನ್ನು ಮುಚ್ಚುಮರೆಯಿಲ್ಲದೆ ಸಮರ್ಥಿಸಿದವರೂ ಇದ್ದಾರೆ. ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1966ರಲ್ಲಿ ಧ್ವನಿಮುದ್ರಣದ ಭವಿಷ್ಯವನ್ನು ಕುರಿತು ಬರೆದ ಪ್ರಬಂಧದಲ್ಲಿ, ಬಾಖ್‌ನ ಒಂದು ಫ್ಯೂಗನ್ನು ತಾವು ಹಲವು ಸಲ ನುಡಿಸಿ, ಆರನೆಯ ಮತ್ತು ಎಂಟನೆಯ ನುಡಿಸಾಣಿಕೆಗಳನ್ನು ಕತ್ತರಿಸಿ ಜೋಡಿಸಿದ ಬಗೆಯನ್ನು ವಿವರಿಸಿದರು. ಒಂದೊಂದೂ ತನ್ನಷ್ಟಕ್ಕೆ ಏಕತಾನವಾಗಿತ್ತು, ಕೂಡಿಸಿದಾಗ ಮಾತ್ರ ಕೃತಿಗೆ ಜೀವ ಬಂದಿತು ಎಂಬುದು ಅವರ ವಾದ. ಕಲಾಕೃತಿಯ ಮಟ್ಟಿಗೆ ಈ ವಾದವನ್ನು ಒಪ್ಪಬಹುದು. ಇಲ್ಲಿ ಕತ್ತರಿಸಿದವರು ನುಡಿಸಿದವರೇ. ಮೇಲಾಗಿ, ಎಲ್ಲಿ, ಏಕೆ ಕತ್ತರಿಸಿದೆವೆಂಬುದನ್ನು ಬರೆದಿಟ್ಟವರೂ ಅವರೇ. ಚರಿತ್ರೆಯ ಆಕರವಾದ ಧ್ವನಿಯ ವಿಷಯದಲ್ಲಿ ಈ ಎರಡು ಷರತ್ತುಗಳು ಕೂಡಿಬರುವುದು ಅಪರೂಪ.

4

ಟೇಪಿಗೆ ಇನ್ನೊಂದು ಗುಣವಿದೆ. ಕತ್ತರಿಸದೆಯೇ ಅಳಿಸಬಹುದು. ಒಂದೇ ಸುರುಳಿಯ ಮೇಲೆ ಮತ್ತೆ ಮತ್ತೆ ಮುದ್ರಿಸಬಹುದು. ಈ ಗುಣದಿಂದ ಹುಟ್ಟಿದ ಅತ್ಯಂತ ಪ್ರಸಿದ್ಧ ಮೌನವೆಂದರೆ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ಕಚೇರಿಯ ಟೇಪಿನಲ್ಲಿರುವ ಹದಿನೆಂಟೂವರೆ ನಿಮಿಷಗಳ ತೆರಪು. ವಾಟರ್‌ಗೇಟ್ ಕಟ್ಟಡದಲ್ಲಿ ಕನ್ನಗಾರರು ಸಿಕ್ಕಿಬಿದ್ದ ಮೂರು ದಿನಗಳ ನಂತರ, 1972ರ ಜೂನ್ 20ರಂದು, ನಿಕ್ಸನ್ ತಮ್ಮ ಸಹಾಯಕ ಹಾಲ್ಡಮನ್ ಅವರೊಡನೆ ನಡೆಸಿದ ಮಾತುಕತೆ ಇರಬೇಕಾದ ಸ್ಥಳದಲ್ಲಿ ಗುಂಯ್ಗುಡುವ ಸದ್ದು ಮಾತ್ರ ಇದೆ. ಕಾರ್ಯದರ್ಶಿ ರೋಸ್ ಮೇರಿ ವುಡ್ಸ್, ಐದು ನಿಮಿಷಗಳಷ್ಟನ್ನು ತಾವು ಕೈತಪ್ಪಿ ಅಳಿಸಿರಬಹುದೆಂದರು. ನ್ಯಾಯಾಲಯವು ನೇಮಿಸಿದ ಆರು ಮಂದಿ ತಜ್ಞರ ಸಮಿತಿ ಆ ಸದ್ದನ್ನೇ ಪರೀಕ್ಷಿಸಿತು. ಅಳಿಸುವ ಯಂತ್ರವು ನಿಂತಾಗಲೂ ಹೊರಟಾಗಲೂ ಟೇಪಿನ ಮೇಲೆ ಸಣ್ಣ ಕಾಂತೀಯ ಗುರುತನ್ನು ಬಿಡುತ್ತದೆ. ಅಂತಹ ಗುರುತುಗಳನ್ನು ಎಣಿಸಿ, ಅಳಿಸುವಿಕೆ ಒಂದೇ ಸಲ ಆದುದಲ್ಲ, ಕಡಿಮೆಯೆಂದರೆ ಐದು ಸಲ ನಡೆದಿದೆ ಎಂದು ಸಮಿತಿಯು 1974ರಲ್ಲಿ ವರದಿ ಮಾಡಿತು. ಅಳಿಸಿದ ಮಾತು ಇಂದಿಗೂ ದೊರೆತಿಲ್ಲ. ಈ ಶತಮಾನದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಪತ್ರಾಗಾರ ನಡೆಸಿದ ಪ್ರಯತ್ನವೂ ಫಲ ಕೊಡಲಿಲ್ಲ. ಆದರೂ ಅಳಿಸಿದುದಕ್ಕೆ ಸಾಕ್ಷಿ ಉಳಿಯಿತು.

ಆ ಸಮಿತಿಯ ಸದಸ್ಯರಲ್ಲಿ ಒಬ್ಬರು ಥಾಮಸ್ ಸ್ಟಾಕ್‌ಹ್ಯಾಮ್. ಧ್ವನಿಯನ್ನು ಸಂಖ್ಯೆಗಳಾಗಿ ಪರಿವರ್ತಿಸಿ ಗಣಕಯಂತ್ರದಲ್ಲಿ ಸಂಸ್ಕರಿಸುವ ವಿದ್ಯೆಯ ಮೊದಲಿಗರಲ್ಲಿ ಇವರು ಪ್ರಮುಖರು. ಇವರು 1975ರಲ್ಲಿ ಸೌಂಡ್‌ಸ್ಟ್ರೀಮ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಇಟಲಿಯ ಗಾಯಕ ಕರೂಸೊ ಅವರ ಹಳೆಯ ತಟ್ಟೆಗಳ ಧ್ವನಿಯನ್ನು ಗಣಕದ ಮೂಲಕ ಸಂಸ್ಕರಿಸಿ 1976ರಲ್ಲಿ ಹೊರತಂದರು. ಸಂಖ್ಯಾರೂಪದ ಧ್ವನಿಯನ್ನು ಗಣಕದಲ್ಲಿಯೇ ಕತ್ತರಿಸಿ ಜೋಡಿಸುವ ವ್ಯವಸ್ಥೆಯನ್ನು ಬೆಳೆಸಿದರು. ಅಳಿಸಿದ ಗುರುತನ್ನು ಹುಡುಕಿದ ವಿದ್ವಾಂಸರೇ, ಮುಂದೆ ಗುರುತೇ ಕಾಣದಂತೆ ಕತ್ತರಿಸಬಲ್ಲ ಉಪಕರಣದ ಹುಟ್ಟಿಗೂ ಕಾರಣರಾದುದು ಈ ಇತಿಹಾಸದ ಗಮನಾರ್ಹ ಸಂಗತಿ.

5

ಮೊದಲಿಗೆ ಕೋಣೆಯಷ್ಟು ದೊಡ್ಡ ಯಂತ್ರಗಳಲ್ಲಿ ನಡೆಯುತ್ತಿದ್ದ ಈ ಕೆಲಸ ಎರಡು ದಶಕಗಳಲ್ಲಿ ಮೇಜಿನ ಮೇಲೆ ಬಂದಿತು. ಡಿಜಿಡಿಸೈನ್ ಸಂಸ್ಥೆಯ ಸೌಂಡ್ ಟೂಲ್ಸ್ 1989ರಲ್ಲಿಯೂ ಪ್ರೊ ಟೂಲ್ಸ್ 1991ರಲ್ಲಿಯೂ ಹೊರಬಂದವು. ತೊಂಬತ್ತರ ದಶಕದಲ್ಲಿ ಸಾಮಾನ್ಯ ಗಣಕಯಂತ್ರಗಳಲ್ಲಿ ಬಳಕೆಗೆ ಬಂದ ಕೂಲ್ ಎಡಿಟ್ ಎಂಬ ತಂತ್ರಾಂಶವು 2003ರಲ್ಲಿ ಅಡೋಬಿ ಸಂಸ್ಥೆಯ ಕೈಸೇರಿ ಆಡಿಷನ್ ಎಂಬ ಹೆಸರನ್ನು ಪಡೆಯಿತು. ನಮ್ಮಂಥ ಸಂಶೋಧಕರ ಮಟ್ಟಿಗೆ ಮುಖ್ಯವಾದುದು ಆಡಾಸಿಟಿ. ಅಮೆರಿಕದ ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮ್ಯಾಝೋನಿ ಮತ್ತು ರೋಜರ್ ಡ್ಯಾನನ್‌ಬರ್ಗ್ 1999ರಲ್ಲಿ ಆರಂಭಿಸಿದ ಈ ತಂತ್ರಾಂಶ 2000ದ ಮೇ ತಿಂಗಳಲ್ಲಿ ಸಾರ್ವಜನಿಕರಿಗೆ ದೊರೆಯಿತು. ಅದು ಉಚಿತ, ಅದರ ಒಳಗಿನ ರಚನೆಯನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಅನುದಾನದ ಕೊರತೆಯಲ್ಲಿ ನಡೆಯುವ ಸಂಶೋಧನೆಗೆ ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ.

ಈ ತಂತ್ರಾಂಶಗಳಲ್ಲಿ ಧ್ವನಿಯು ತೆರೆಯ ಮೇಲೆ ಅಲೆಗಳ ರೂಪದಲ್ಲಿ ಕಾಣುತ್ತದೆ. ಮಾತು ಇರುವಲ್ಲಿ ಅಲೆ ಉಬ್ಬುತ್ತದೆ, ಮೌನದಲ್ಲಿ ತಗ್ಗುತ್ತದೆ. ಅಡಕಮುದ್ರಿಕೆಯ ಅಳತೆಯಲ್ಲಿ ಒಂದು ಸೆಕೆಂಡಿನ ಧ್ವನಿಗೆ 44,100 ಸಂಖ್ಯೆಗಳು. ಅರ್ಧ ಸೆಕೆಂಡಿನ ಕೆಮ್ಮನ್ನು ತೆಗೆಯುವುದೆಂದರೆ 22,050 ಸಂಖ್ಯೆಗಳನ್ನು ಸಾಲಿನಿಂದ ಕಿತ್ತು ಹಿಂದುಮುಂದನ್ನು ಕೂಡಿಸುವುದು. ಅಲೆಯು ನಡುಗೆರೆಯನ್ನು ದಾಟುವ ಬಿಂದುವಿನಲ್ಲಿ ಕತ್ತರಿಸಿದರೆ ಟಕ್ಕೆಂಬ ಸದ್ದು ಬರುವುದಿಲ್ಲ. ಆ ಬಿಂದುವನ್ನು ತಂತ್ರಾಂಶವೇ ಹುಡುಕಿಕೊಡುತ್ತದೆ. ತಪ್ಪಾದರೆ ಮಾಡಿದುದನ್ನು ಹಿಂದಕ್ಕೆ ತಿರುಗಿಸುವ ಅನುಕೂಲವೂ ಉಂಟು. ಈ ಅನುಕೂಲವೇ ಸಂಪಾದಕನನ್ನು ನಿಶ್ಚಿಂತನನ್ನಾಗಿ ಮಾಡುವುದು. ಆದರೆ ಆಡಾಸಿಟಿಯಲ್ಲಿ ಕಡತವನ್ನು ಮುಚ್ಚಿದೊಡನೆ ಹಿಂತಿರುಗಿಸುವ ಸರಣಿ ಇಲ್ಲವಾಗುತ್ತದೆ. ಮರುದಿನ ತೆರೆದರೆ ಕಾಣುವುದು ಕೂಡಿಕೊಂಡ ಅಲೆ ಮಾತ್ರ. ಅದು ಹುಟ್ಟಿದಾಗಿನಿಂದಲೂ ಹಾಗೆಯೇ ಇದ್ದಂತೆ ತೋರುತ್ತದೆ.

ಸಂಖ್ಯಾರೂಪದ ಧ್ವನಿಯಲ್ಲಿ ಕತ್ತರಿಯ ಗುರುತು ಎಂದಿಗೂ ಸಿಕ್ಕುವುದಿಲ್ಲವೆಂದು ಹೇಳುವಂತಿಲ್ಲ. ವಿದ್ಯುತ್ತಿನ ತಂತಿಗಳ ಸಮೀಪದಲ್ಲಿ ಮುದ್ರಿಸಿದ ಧ್ವನಿಯಲ್ಲಿ ಎಷ್ಟೋ ವೇಳೆ ಸಣ್ಣನೆಯ ಗುಂಯ್ಗಾರ ಸೇರಿಕೊಂಡಿರುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದರೂ ಆ ಸಂಖ್ಯೆ ಕ್ಷಣಕ್ಷಣಕ್ಕೂ ಅತ್ಯಲ್ಪವಾಗಿ ಏರಿಳಿಯುತ್ತಿರುತ್ತದೆ. ಮಾತನ್ನು ಕತ್ತರಿಸಿದಲ್ಲಿ ಈ ಗುಂಯ್ಗಾರದ ಲಯವೂ ಮುರಿಯುತ್ತದೆ. ಈ ಮುರಿವನ್ನು ಅಳೆದು ಕತ್ತರಿಯನ್ನು ಪತ್ತೆಹಚ್ಚುವ ವಿಧಾನವನ್ನು ರೊಮೇನಿಯಾದ ಕ್ಯಾಟಲಿನ್ ಗ್ರಿಗೋರಸ್ ಮೊದಲಾದವರು ಈ ಶತಮಾನದ ಮೊದಲ ದಶಕದಲ್ಲಿ ಬೆಳೆಸಿದರು. ನ್ಯಾಯವಿಜ್ಞಾನದಲ್ಲಿ ಅದು ಬಳಕೆಯಲ್ಲಿದೆ. ಆದರೆ ಧ್ವನಿಯನ್ನು ‘ಶುದ್ಧ’ಗೊಳಿಸುವಾಗ ನಾವು ಮೊದಲು ತೆಗೆದುಹಾಕುವುದು ಈ ಗುಂಯ್ಗಾರವನ್ನೇ. ಬೇಡವಾದ ಸದ್ದಿನೊಡನೆ ಸಾಕ್ಷಿಯೂ ಹೊರಟುಹೋಗುತ್ತದೆ.

ಹೀಗೆ ಮೂರು ಹಂತಗಳನ್ನು ಗುರುತಿಸಬಹುದು. ತಟ್ಟೆಯ ಕಾಲದಲ್ಲಿ ಕತ್ತರಿಸಲು ಬಾರದು, ಆದುದರಿಂದ ಬೇಡವಾದುದೂ ಉಳಿಯಿತು. ಟೇಪಿನ ಕಾಲದಲ್ಲಿ ಕತ್ತರಿಸಬಹುದು, ಆದರೆ ಸಂದೂ ತುಂಡೂ ಉಳಿಯುತ್ತಿದ್ದವು. ತಂತ್ರಾಂಶದ ಕಾಲದಲ್ಲಿ ಕತ್ತರಿಸುವುದು ಅತ್ಯಂತ ಸುಲಭ. ಸಂದು ಸಾಮಾನ್ಯ ಕಣ್ಣು ಕಿವಿಗಳಿಗೆ ಕಾಣದು, ತುಂಡು ಉಳಿಯದು. ಹಿಂದಿನ ಮಾಧ್ಯಮಗಳು ತಮ್ಮ ಸ್ವಭಾವದಿಂದಲೇ ಮಾಡುತ್ತಿದ್ದ ಸಾಕ್ಷಿಯ ಕೆಲಸ ಈಗ ಸಂಪಾದಕನ ಹೆಗಲಿಗೆ ಬಂದಿದೆ.

6

ಕನ್ನಡ ನಾಡಿನ ಮೌಖಿಕ ಸಾಹಿತ್ಯವನ್ನು ಸಂಗ್ರಹಿಸಿದವರಿಗೆ ಈ ಹೊಣೆಯ ಭಾರ ಗೊತ್ತಿಲ್ಲದುದಲ್ಲ. ಮಲೆಯ ಮಾದೇಶ್ವರನ ಕಾವ್ಯವನ್ನು ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವಾಗ ಮುಖ್ಯ ಗಾಯಕನ ಒಂದೊಂದು ನುಡಿಗೂ ಹಿಮ್ಮೇಳದವರು ಸೊಲ್ಲನ್ನು ಎತ್ತುತ್ತಾರೆ. ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರಲ್ಲಿಯೂ ಇದೇ ಕ್ರಮ. ಹಾಡು ಪುಸ್ತಕವಾಗುವಾಗ ಸೊಲ್ಲನ್ನು ಒಮ್ಮೆ ಕೊಟ್ಟು ಮುಂದೆ ಬಿಡುವುದು ವಾಡಿಕೆ. ಕಾಗದದ ಬೆಲೆಯನ್ನೂ ಓದುಗರ ತಾಳ್ಮೆಯನ್ನೂ ನೆನೆದರೆ ಇದು ಸಹಜವೇ. ಆದರೆ ಸೊಲ್ಲು ನಡೆಯುವ ಆ ಕ್ಷಣಗಳಲ್ಲಿಯೇ ಗಾಯಕನು ಮುಂದಿನ ನುಡಿಯನ್ನು ನೆನಪಿಗೆ ತಂದುಕೊಳ್ಳುತ್ತಾನೆ, ಉಸಿರು ಹಿಡಿಯುತ್ತಾನೆ, ಕೇಳುವವರ ಮುಖವನ್ನು ನೋಡಿ ಕಥೆಯನ್ನು ಹಿಗ್ಗಿಸಬೇಕೋ ಕುಗ್ಗಿಸಬೇಕೋ ತೀರ್ಮಾನಿಸುತ್ತಾನೆ. ಕಾವ್ಯ ಹುಟ್ಟುವ ಬಗೆಯನ್ನು ತಿಳಿಯಬೇಕೆಂಬ ವಿದ್ವಾಂಸನಿಗೆ ಪುಸ್ತಕದಲ್ಲಿ ಬಿಟ್ಟ ಆ ಭಾಗವೇ ಬೇಕು. ಮೂಲ ಧ್ವನಿಸುರುಳಿ ಉಳಿದಿದ್ದರೆ ಅದು ದೊರೆಯುತ್ತದೆ. ಕ್ಯಾಸೆಟ್ಟಿನ ಕಾಲದಲ್ಲಿ ಗಾಯಕನು ಎಲೆಯಡಿಕೆಗೆ ನಿಲ್ಲಿಸಿದಾಗಲೆಲ್ಲ ಯಂತ್ರವನ್ನೂ ನಿಲ್ಲಿಸಿ ಟೇಪು ಉಳಿಸಿದ ಸಂಗ್ರಹಕಾರರು ಇದ್ದಾರೆ. ಆ ನಿಲುಗಡೆಗಳಲ್ಲಿ ಗಾಯಕನು ಕಥೆಯನ್ನು ಕುರಿತು ಆಡಿದ ಮಾತುಗಳು ಯಾವ ಸುರುಳಿಯಲ್ಲಿಯೂ ಇಲ್ಲ.

ಆದರ್ಶವೆನ್ನಬಹುದಾದ ಕೆಲಸವೂ ನಮ್ಮ ಕರಾವಳಿಯಲ್ಲಿಯೇ ನಡೆದಿದೆ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೊಡನೆ ಕೂಡಿ, ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಕಾವ್ಯವನ್ನು 1990ರ ಡಿಸೆಂಬರಿನಲ್ಲಿ ಮುದ್ರಿಸಿಕೊಂಡರು. 15,683 ಸಾಲುಗಳ ಆ ಪಾಠವು 1998ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಅದರೊಡನೆ, ಹಾಡು ಪಠ್ಯವಾದುದು ಹೇಗೆ ಎಂಬುದನ್ನು ನಿರೂಪಿಸುವುದಕ್ಕಾಗಿಯೇ ಹೊಂಕೊ ಮತ್ತೊಂದು ಪ್ರತ್ಯೇಕ ಗ್ರಂಥವನ್ನು ಬರೆದರು. ಕಿವಿಗೆ ಬಿದ್ದುದಕ್ಕೂ ಪುಟದ ಮೇಲೆ ಬಂದುದಕ್ಕೂ ನಡುವೆ ಏನು ನಡೆಯಿತು ಎಂಬುದೇ ಒಂದು ಗ್ರಂಥಕ್ಕೆ ವಸ್ತುವಾಗಬಲ್ಲುದೆಂಬುದು ಇದರಿಂದ ಸಿದ್ಧವಾಗುತ್ತದೆ.

7

ಈಗ ನಮ್ಮ ತಪ್ಪಿನ ವಿಷಯ. ಕೆಲವು ವರ್ಷಗಳ ಹಿಂದೆ ಮುಂಬಯಿಯ ಉಪನಗರವೊಂದರಲ್ಲಿ ಒಬ್ಬ ವೃದ್ಧರನ್ನು ಕಂಡೆವು. ದಕ್ಷಿಣ ಕನ್ನಡದ ಹಳ್ಳಿಯಿಂದ ಹುಡುಗನಾಗಿ ಬಂದು, ಕ್ಯಾಂಟೀನಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಸ್ವಂತ ಖಾನಾವಳಿಯನ್ನು ನಡೆಸಿದವರು. ಅವರ ಎರಡೂವರೆ ಗಂಟೆಗಳ ಮಾತನ್ನು ಮುದ್ರಿಸಿಕೊಂಡೆವು. ಅವರ ಪತ್ನಿ ಅಡುಗೆಮನೆಯಲ್ಲಿದ್ದರು. ಯಜಮಾನರು ವರ್ಷವನ್ನೋ ಹೆಸರನ್ನೋ ತಪ್ಪಿ ಹೇಳಿದಾಗ ಒಳಗಿನಿಂದ ಆಕೆ ತಿದ್ದುತ್ತಿದ್ದರು. ಕುಕ್ಕರಿನ ಸೀಟಿ, ಪಾತ್ರೆಯ ಸದ್ದು, ಬಾಗಿಲಿಗೆ ಬಂದವರೊಡನೆ ಮರಾಠಿಯ ನಾಲ್ಕು ಮಾತು ಇವೂ ಇದ್ದವು. ಒಂದು ಸಮಾರಂಭದಲ್ಲಿ ಕೇಳಿಸುವುದಕ್ಕಾಗಿ ಆ ಧ್ವನಿಯನ್ನು ನಾವೇ ಕುಳಿತು ಐವತ್ತೆರಡು ನಿಮಿಷಗಳಿಗೆ ಇಳಿಸಿದೆವು. ಮೊದಲು ತೆಗೆದುದು ಅಡುಗೆಮನೆಯ ಸದ್ದುಗಳನ್ನು. ಅವುಗಳೊಡನೆ ಆಕೆಯ ಮಾತುಗಳನ್ನೂ. ಕೆಲಸ ಚೊಕ್ಕಟವಾಯಿತೆಂಬ ತೃಪ್ತಿಯಲ್ಲಿ ಅದನ್ನು ಅದೇ ಹೆಸರಿನ ಕಡತದ ಮೇಲೆಯೇ ಉಳಿಸಿದೆವು. ಮೂಲ ಹೋಯಿತು.

ಮುಂದೆ ನಮ್ಮ ಸಂಶೋಧನ ವಿದ್ಯಾರ್ಥಿನಿಯೊಬ್ಬರು ಖಾನಾವಳಿಗಳಲ್ಲಿ ಹೆಂಗಸರ ದುಡಿಮೆಯನ್ನು ಕುರಿತು ಕೆಲಸ ಆರಂಭಿಸಿದರು. ದಿನಕ್ಕೆ ಎಷ್ಟು ಮಂದಿಗೆ ಅಡುಗೆ, ಎಷ್ಟು ಗಂಟೆಗೆ ಏಳುವುದು, ಲೆಕ್ಕ ಇಟ್ಟವರು ಯಾರು ಎಂಬುದು ಅವರ ಪ್ರಶ್ನೆಗಳು. ಆಕೆ ಒಳಗಿನಿಂದ ಹೇಳಿದ್ದರೆಂಬ ನೆನಪು ನಮಗಿತ್ತು. ಏನು ಹೇಳಿದ್ದರೆಂಬುದು ನೆನಪಿರಲಿಲ್ಲ. ಧ್ವನಿಯನ್ನು ಮತ್ತೆ ಕೇಳಿದೆವು. ಒಂದೆಡೆ, ಕತ್ತರಿಸುವಾಗ ಕೈತಪ್ಪಿ ಉಳಿದ ಅರ್ಧ ಸೆಕೆಂಡಿನಲ್ಲಿ, ‘ಜನಕ್ಕೆ’ ಎಂಬ ಆಕೆಯ ಒಂದು ಪದವಿದೆ. ಎಷ್ಟು ಜನಕ್ಕೆ ಎಂಬ ಅಂಕಿ ಇಲ್ಲ. ಅದರ ಬೆನ್ನಿಗೆ ಯಜಮಾನರು ನಕ್ಕು, ಹೌದು ಹೌದು ಎನ್ನುತ್ತಾರೆ. ಯಾವುದಕ್ಕೆ ನಕ್ಕರು, ಯಾವುದನ್ನು ಒಪ್ಪಿದರು ಎಂಬುದು ಈಗ ಯಾರಿಗೂ ತಿಳಿಯದು. ಅಷ್ಟರಲ್ಲಿ ಆ ದಂಪತಿಗಳಿಬ್ಬರೂ ತೀರಿಕೊಂಡಿದ್ದರು. ವಿದ್ಯಾರ್ಥಿನಿ ನಮ್ಮನ್ನು ಏನೂ ಅನ್ನಲಿಲ್ಲ. ತಮ್ಮ ಪ್ರಬಂಧದಲ್ಲಿ ಆ ಸಂದರ್ಶನವನ್ನು ಬಳಸಲೂ ಇಲ್ಲ.

ಹಸ್ತಪ್ರತಿಗಳ ವಿಷಯದಲ್ಲಿ ಇಂತಹ ಕೆಲಸವನ್ನು ಬೇರೆಯವರು ಮಾಡಿದ್ದರೆ ನಾವು ಕಟುವಾಗಿ ಬರೆಯುತ್ತಿದ್ದೆವು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ವರ್ಷಗಟ್ಟಲೆ ಪಾಠ ಹೇಳಿದವರು ನಾವು. ತಿರಸ್ಕರಿಸಿದ ಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಡಬೇಕೆಂದು ಪ್ರತಿ ವರ್ಷವೂ ಹೇಳಿ, ನಮ್ಮ ಕೈಗೆ ಹೊಸ ಉಪಕರಣ ಬಂದಾಗ ಆ ನಿಯಮವನ್ನು ಮರೆತೆವು. ಧ್ವನಿಯೂ ಒಂದು ಪಾಠ, ಅದನ್ನು ಕತ್ತರಿಸುವುದೂ ಪಾಠನಿರ್ಣಯ ಎಂಬುದು ನಮಗೆ ಹೊಳೆಯಲಿಲ್ಲ.

8

ಆದುದರಿಂದ ಪೀಠದ ಕೆಲಸಕ್ಕಾಗಿ ಕೆಲವು ನಿಯಮಗಳನ್ನು ಮಾಡಿಕೊಂಡಿದ್ದೇವೆ. ಇತರ ಕೇಂದ್ರಗಳಲ್ಲಿರುವ ಕನ್ನಡ ಸಂಶೋಧಕರಿಗೂ ಇವು ಉಪಯುಕ್ತವಾಗಬಹುದು.

ಮೊದಲನೆಯದು, ಮುದ್ರಿಸಿದ ಧ್ವನಿಯ ಮೊದಲ ಪ್ರತಿಯನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಅದನ್ನು ಸಂಕೋಚನವಿಲ್ಲದ ರೂಪದಲ್ಲಿ, ಕನಿಷ್ಠ ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇಡಬೇಕು. 1969ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಧ್ವನಿ ಸಂಗ್ರಹಾಗಾರಗಳ ಸಂಘವು ತನ್ನ ಮಾರ್ಗಸೂಚಿಯಲ್ಲಿ, ಹಳೆಯ ಟೇಪುಗಳನ್ನು ಸಂಖ್ಯಾರೂಪಕ್ಕೆ ತರುವಾಗ ಸೆಕೆಂಡಿಗೆ ಕನಿಷ್ಠ 48,000 ಮಾದರಿಗಳನ್ನೂ 24 ಬಿಟ್ಟುಗಳ ಅಳತೆಯನ್ನೂ ಶಿಫಾರಸು ಮಾಡುತ್ತದೆ. ರಕ್ಷಣಾಪ್ರತಿಯನ್ನು ಶುದ್ಧೀಕರಿಸದೆ ಇಡಬೇಕೆಂಬುದೂ ಅದರ ನಿಲುವು. ಎರಡನೆಯದು, ಕತ್ತರಿಸುವ ಕೆಲಸವೆಲ್ಲವೂ ಬೇರೆ ಹೆಸರಿನ ನಕಲಿನ ಮೇಲೆ ನಡೆಯಬೇಕು. ಮೂರನೆಯದು, ಅಧ್ಯಯನಕ್ಕಾಗಿ ಕೊಡುವ ಪ್ರತಿಯಲ್ಲಿ ಯಾವುದಾದರೂ ಭಾಗವನ್ನು ಮರೆಮಾಡಲೇಬೇಕಾದರೆ ಅದನ್ನು ಕಿತ್ತುಹಾಕದೆ ಅಷ್ಟೇ ಉದ್ದದ ಮೌನವನ್ನಾಗಿ ಮಾಡಬೇಕು. ಕಿತ್ತರೆ ಮುಂದಿನ ಮಾತುಗಳೆಲ್ಲ ಹಿಂದಕ್ಕೆ ಸರಿದು, ಲಿಪ್ಯಂತರದಲ್ಲಿ ಕೊಟ್ಟ ಕಾಲಸೂಚಿಗಳು ತಪ್ಪುತ್ತವೆ. ಮೌನವಾದರೆ ಕಾಲವೂ ಸರಿಯಾಗಿ ಉಳಿಯುತ್ತದೆ, ಇಲ್ಲಿ ಏನೋ ಇತ್ತೆಂಬ ಸೂಚನೆಯೂ ಉಳಿಯುತ್ತದೆ. ನಾಲ್ಕನೆಯದು, ತೆಗೆದ ಪ್ರತಿಯೊಂದು ಭಾಗಕ್ಕೂ ಎಲ್ಲಿಂದ ಎಲ್ಲಿಯವರೆಗೆ, ಅದರಲ್ಲಿ ಏನಿತ್ತು, ಏಕೆ ತೆಗೆಯಲಾಯಿತು, ತೆಗೆದವರು ಯಾರು ಎಂಬ ಪಟ್ಟಿಯನ್ನು ಬರೆದಿಡಬೇಕು. ಆಡಾಸಿಟಿಯಲ್ಲಿ ಧ್ವನಿಯ ಅಲೆಯ ಕೆಳಗೆ ಬರಹದ ಗುರುತುಗಳನ್ನು ಹಾಕುವ ಸೌಲಭ್ಯವೇ ಇದೆ. ಅವನ್ನು ಪ್ರತ್ಯೇಕ ಪಠ್ಯವಾಗಿಯೂ ಪಡೆಯಬಹುದು.

ಎಲ್ಲವನ್ನೂ ಎಲ್ಲರಿಗೂ ಕೇಳಿಸಬೇಕೆಂಬುದು ನಮ್ಮ ವಾದವಲ್ಲವೆಂಬುದನ್ನು ಸ್ಪಷ್ಟಪಡಿಸಬೇಕು. ಮಾತಿನ ಭರದಲ್ಲಿ ಹೊರಬಿದ್ದ ಮನೆಯ ಗುಟ್ಟು, ಬದುಕಿರುವ ಇನ್ನೊಬ್ಬರ ಮಾನಕ್ಕೆ ಸಂಬಂಧಿಸಿದ ಮಾತು, ಹೇಳಿದವರೇ ಮರುದಿನ ದೂರವಾಣಿ ಮಾಡಿ ತೆಗೆದುಬಿಡಿ ಎಂದು ಬೇಡಿಕೊಂಡ ಪ್ರಸಂಗ ಇವನ್ನು ತೆಗೆಯುವುದು ಸಂಶೋಧಕನ ಧರ್ಮ. ಮಾತು ಆಡಿದವರದು, ನಾವು ಅದರ ಪಾಲಕರು ಮಾತ್ರ. ಆದರೆ ಅವರ ಇಚ್ಛೆಯಿಂದ ತೆಗೆದುದಕ್ಕೂ ನಮ್ಮ ಕಿವಿಗೆ ಹಿತವಾಗಲೆಂದು ತೆಗೆದುದಕ್ಕೂ ವ್ಯತ್ಯಾಸವಿದೆ. ಪಟ್ಟಿಯಲ್ಲಿ ಆ ವ್ಯತ್ಯಾಸ ಕಾಣಬೇಕು.

ಮುಂಬಯಿಯ ಆ ಐವತ್ತೆರಡು ನಿಮಿಷಗಳ ಧ್ವನಿ ನಮ್ಮ ಸಂಗ್ರಹದಲ್ಲಿದೆ. ಅದರ ವಿವರಪತ್ರದಲ್ಲಿ ಈಗ ನಾಲ್ಕು ಸಾಲುಗಳನ್ನು ಸೇರಿಸಿದ್ದೇವೆ. ಮೂಲದ ಅವಧಿ ಎರಡೂವರೆ ಗಂಟೆ, ತೆಗೆದ ಭಾಗಗಳಲ್ಲಿ ಮನೆಯೊಡತಿಯ ಮಾತುಗಳಿದ್ದವು, ಅವುಗಳಲ್ಲಿ ಒಂದು ಪದ ಮಾತ್ರ ಉಳಿದಿದೆ, ತೆಗೆದವರು ನಾವು. ಮುಂದೆ ಕೇಳುವವರಿಗೆ ಅಲ್ಲಿ ಒಂದು ಹಂಸಪಾದವಾದರೂ ಕಾಣಲಿ ಎಂಬುದು ನಮ್ಮ ಆಶಯ.